ಕಾಲು ಮುರಿದಿಲ್ಲ ಕಣ್ರವ್ವಾ, ಮಂಡಿ ಉಳುಕಿದ್ದು

ಮೊದಲು ಮುಖ್ಯವಾದ ಮಾತು ಹೇಳಿಬಿಡ್ತೀನಿ. ನನ್ನ ಕಾಲು ಮುರಿದಿಲ್ಲ. ರಾಡ್ ಹಾಕಿಲ್ಲ, ಆಪರೇಷನ್ ಆಗಿಲ್ಲ, ಓದು ಬಿಟ್ಟು ಊರಿಗೆ ವಾಪಸ್ ಬರ್ತಾನೂ ಇಲ್ಲ. ಎಡಗಾಲಿನ ಮಂಡಿ ಉಳುಕಿತ್ತು, ಒಳಗೆ ಒಂದು ನಾರು ಎಳೆದಂಗಾಗಿತ್ತು, ಈಗ ಮೆಟ್ಲು ಇಳಿಯೋವಾಗ ಮಾತ್ರ ಸ್ವಲ್ಪ ನೋಯುತ್ತೆ. ಇಷ್ಟೇ ಇಷ್ಟು ಸುದ್ದಿ ಗುಬ್ಬಿಯಿಂದ ನಿಟ್ಟೂರಿಗೆ ಹೋಗೋಷ್ಟರಲ್ಲಿ ಒಂದು ಕಾಲು ಮುರಿದು, ಚೇಳೂರಿನ ದೊಡ್ಡಮ್ಮನ ಮನೆ ಮುಟ್ಟೋ ಹೊತ್ತಿಗೆ ಎರಡೂ ಕಾಲು ಮುರಿದಿತ್ತಂತೆ. ದೊಡ್ಡಮ್ಮ ಅಮ್ಮನಿಗೆ ಫೋನ್ ಮಾಡಿ, "ಮಗೀಗೆ ಹಿಂಗಾಗೈತೆ, ನಂಗೊಂದು ಮಾತು ಹೇಳ್ಬಾರ್ದೇನೇ?" ಅಂತ ಅತ್ತರಂತೆ. ಅಮ್ಮ ಡೇರಿಗೆ ಹಾಲು ಹಾಕಕ್ಕೆ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತಿದ್ಲು. ಅವಳಿಗೆ ಏನೂ ಗೊತ್ತಿರಲಿಲ್ಲ.

ಯಾಕೆ ಗೊತ್ತಿರಲಿಲ್ಲ ಅಂದ್ರೆ ನಾನು ಹೇಳಿರಲಿಲ್ಲ. ಅದಕ್ಕೇ ಇವತ್ತು ಎಲ್ಲರಿಗೂ ಒಟ್ಟಿಗೆ, ಮೊದಲಿಂದ ಬರೀತಿದ್ದೀನಿ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಹೇಳಿ ನನಗೇ ಯಾವುದು ನಿಜ ಯಾವುದು ಸೇರಿಸಿದ್ದು ಅನ್ನೋದು ಮರೆತು ಹೋಗ್ತಿದೆ.

ಮ್ಯೂನಿಕ್‌ಗೆ ಬಂದು ಐದು ತಿಂಗಳಾಗಿತ್ತು. ಇಲ್ಲಿ ಡಿಸೆಂಬರ್‌ನಲ್ಲಿ ಸಾಯಂಕಾಲ ನಾಲ್ಕೂವರೆಗೆಲ್ಲ ಕತ್ತಲು. ಕ್ಲಾಸು ಮುಗಿಸಿ ಆಚೆ ಬಂದ್ರೆ ರಾತ್ರಿ ಆಗಿರುತ್ತೆ. ಬಿಸಿಲು ಅಂದ್ರೆ ನಮ್ಮ ಕಡೆ ಬೈಕೊಂಡು ತಿರುಗ್ತೀವಲ್ಲ, ಇಲ್ಲಿ ಒಂದು ದಿನ ಬಿಸಿಲು ಬಂದ್ರೆ ಜನ ಎಲ್ಲ ಕೆಲಸ ಬಿಟ್ಟು ಗೋಡೆಗೆ ಒರಗಿ ಮುಖ ಮೇಲೆತ್ತಿ ನಿಂತಿರ್ತಾರೆ. ಫೆಬ್ರವರಿಯಲ್ಲಿ ಪರೀಕ್ಷೆ. ಅದು ಮುಗಿದ ಶನಿವಾರ ನಮ್ಮ ಹಾಸ್ಟೆಲ್ಲಿನ ಅಡುಗೆಮನೆ ಗುಂಪು ಸ್ಕೀಯಿಂಗಿಗೆ ಹೊರಡ್ತು. ಗುಂಪು ಅಂದ್ರೆ ಹಾಸನದ ಹುಡುಗಿ, ಪುಣೆಯ ಹುಡುಗ, ಕೊಲಂಬಿಯಾದ ಒಬ್ಬಳು, ಇದೇ ಸೀಮೆಯ ಒಬ್ಬ ಜರ್ಮನ್ ಹುಡುಗಿ, ಮತ್ತೆ ನಾನು. ಜರ್ಮನ್ ಹುಡುಗಿ ಮೂರು ವರ್ಷಕ್ಕೇ ಶುರು ಮಾಡಿದ್ದಂತೆ. "ನಾನೇ ಕಲಿಸ್ತೀನಿ, ಮೇಷ್ಟ್ರಿಗೆ ಯಾಕೆ ದುಡ್ಡು ಕೊಡ್ತೀರ?" ಅಂದ್ಲು. ದುಡ್ಡು ಉಳಿಯುತ್ತೆ ಅಂದ ತಕ್ಷಣ ಎಲ್ಲರೂ ಒಪ್ಪಿದ್ವಿ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಹೇಳ್ಬಿಡ್ತೀನಿ. ಜರ್ಮನಿಗೆ ಓದಕ್ಕೆ ಬರೋರು ಒಂದು ವರ್ಷದ ಖರ್ಚು ಮುಂಚೆನೇ ಇಲ್ಲಿನ ಖಾತೆಗೆ ಹಾಕಿ ತೋರಿಸ್ಬೇಕು. 11,904 ಯೂರೋ. ಅದನ್ನ ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ನಮಗೇ ವಾಪಸ್ ಬಿಡ್ತಾರೆ. ಆ ದುಡ್ಡು ಎಲ್ಲಿಂದ ಬಂತು ಅಂತ ನಿಮಗೆಲ್ಲ ಗೊತ್ತೇ ಇದೆ. ಬ್ಯಾಂಕಿನ ಸಾಲ ಅರ್ಧ, ಅಮ್ಮನ ಎರಡೆಳೆ ಸರ ಮತ್ತೆ ನಾಲ್ಕು ಬಳೆ ಇನ್ನರ್ಧ. ರೂಮ್ ಬಾಡಿಗೆ, ಇನ್ಶೂರೆನ್ಸು, ಅಕ್ಕಿ ಬೇಳೆ ಅಂತ ಕಳೆದ್ರೆ ಕೈಯಲ್ಲಿ ಉಳಿಯೋದು ಅಷ್ಟರಲ್ಲೇ ಇದೆ. ಆ ಒಂದು ದಿನಕ್ಕೆ ಸ್ಕೀ, ಬೂಟು, ಹೆಲ್ಮೆಟ್ ಬಾಡಿಗೆ, ಲಿಫ್ಟಿನ ಟಿಕೆಟ್ ಎಲ್ಲ ಸೇರಿ ನನಗೆ ತೊಂಬತ್ತು ಯೂರೋ ಮೇಲಾಯ್ತು. ಯೂರೋ ಒಂದಕ್ಕೆ ನೂರು ರೂಪಾಯಿ ಅಂತ ಹಿಡ್ಕೊಳ್ಳಿ. ನಮ್ಮನೆಗೆ ಹದಿನೈದು ದಿನಕ್ಕೊಂದ್ಸಲ ಬರೋ ಡೇರಿ ದುಡ್ಡಿಗಿಂತ ಜಾಸ್ತಿ. ಟಿಕೆಟ್ ಕೌಂಟರ್ ಮುಂದೆ ನಿಂತು ಕಾರ್ಡ್ ತೋರಿಸೋವಾಗ ಅಮ್ಮನ ಬರಿಗೈ ಕಣ್ಮುಂದೆ ಬಂತು. ಆವಾಗ್ಲೇ ತೀರ್ಮಾನ ಮಾಡ್ಬಿಟ್ಟೆ, ಇದನ್ನ ಮನೇಲಿ ಹೇಳೋದು ಬೇಡ ಅಂತ. ಬಿದ್ದ ಮೇಲೆ ಶುರುವಾದ ಸುಳ್ಳಲ್ಲ ಅದು. ಬೀಳೋ ಮುಂಚೆನೇ ಶುರುವಾಗಿತ್ತು.

ಹೋಗಿದ್ದು ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್ ಅನ್ನೋ ಊರಿಗೆ. ಹೆಸರು ನಮ್ಮೂರ ಗೂಡ್ಸ್ ಗಾಡಿ ಥರ ಉದ್ದ ಇದೆ. ಎರಡು ಊರು ಸೇರಿಸಿ ಒಂದು ಮಾಡಿದ್ದಕ್ಕೆ ಹಂಗಾಗಿದ್ದು. ಮ್ಯೂನಿಕ್‌ನಿಂದ ರೈಲಲ್ಲಿ ಒಂದೂವರೆ ಗಂಟೆ ಒಳಗೆ. ನಮ್ಮ ತಿಂಗಳ ಪಾಸೇ ನಡೆಯುತ್ತೆ. 1936ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಿದ್ದು ಇಲ್ಲೇ. ಬೆಟ್ಟದ ಮೇಲಿಂದ ಜಾರಿ ಇಳಿಯೋ ಸ್ಕೀಯಿಂಗ್ ಒಲಿಂಪಿಕ್ಸಿಗೆ ಸೇರಿದ್ದೇ ಆ ವರ್ಷ. ಪಕ್ಕದಲ್ಲೇ ಜರ್ಮನಿಯ ಎಲ್ಲಕ್ಕಿಂತ ಎತ್ತರದ ಬೆಟ್ಟ ತ್ಸುಗ್‌ಸ್ಪಿಟ್ಸೆ, 2,962 ಮೀಟರ್. ಆದ್ರೆ ಒಂದು ತಮಾಷೆ ಕೇಳಿ, ಗಾರ್ಮಿಶ್ ಊರು ಇರೋದು ಸಮುದ್ರಮಟ್ಟದಿಂದ ಏಳುನೂರು ಮೀಟರ್ ಚಿಲ್ಲರೆ ಎತ್ತರದಲ್ಲಿ. ನಮ್ಮ ತುಮಕೂರು ಅದಕ್ಕಿಂತ ಎತ್ತರ! ಎತ್ತರ ನಮ್ಮದು, ಹಿಮ ಅವರದ್ದು.

ಹಿಮ ಅಂತ ಬರೀತಿದ್ದೀನಿ. ಅಮ್ಮ ಅದಕ್ಕೆ ಐಸು ಅಂತಾಳೆ. ಐಸ್ ಬೇರೆ ಕಣಮ್ಮ, ಐಸ್ ಮೇಲೆ ಬಿದ್ರೆ ಸಿಮೆಂಟ್ ಮೇಲೆ ಬಿದ್ದಂಗೆ. ಹಿಮ ಹೊಸದಾಗಿ ಬಿದ್ದಿದ್ರೆ ಜರಡಿ ಹಿಡಿದ ರಾಗಿ ಹಿಟ್ಟಿನಂಗೆ ಇರುತ್ತೆ, ಬಣ್ಣ ಮಾತ್ರ ಅಕ್ಕಿ ಹಿಟ್ಟಿಂದು. ಜಾರೋ ಜಾಗದಲ್ಲಿ ಅದನ್ನ ಹಂಗೇ ಬಿಡಲ್ಲ. ರಾತ್ರಿಯೆಲ್ಲ ದೊಡ್ಡ ಮೆಷಿನ್ ಓಡಿಸಿ ತಟ್ಟಿ ಸಮ ಮಾಡಿರ್ತಾರೆ. ಬೆಳಗ್ಗೆ ನೋಡಿದ್ರೆ ಕುಂಟೆ ಹೊಡೆದ ಹೊಲದಂಗೆ ಗೆರೆ ಗೆರೆ. ಹಿಮ ಸಾಲದೇ ಹೋದ್ರೆ ಫಿರಂಗಿ ಥರದ ಮೆಷಿನ್ನಲ್ಲಿ ನೀರು ಗಾಳಿ ಸೇರಿಸಿ ಚಳಿಗೆ ಚಿಮ್ಮಿಸ್ತಾರೆ, ಅದು ಕೆಳಗೆ ಬೀಳೋಷ್ಟರಲ್ಲಿ ಹಿಮ ಆಗಿರುತ್ತೆ. ಬೇಸಾಯ ಮಾಡಿದಂಗೆ ಹಿಮಾನೂ ಬೆಳೀತಾರೆ ಇವರು.

ಬಾಡಿಗೆ ಅಂಗಡಿಯಲ್ಲಿ ಮೊದಲ ಮರ್ಯಾದೆ ಹೋಯ್ತು. ಎಲ್ಲರೆದುರಿಗೆ ತೂಕ ಕೇಳಿದ್ರು. ನಾನು ಊರಿಂದ ಬರೋವಾಗಿದ್ದ ತೂಕ ಹೇಳೋಣ ಅಂತ ಬಾಯಿ ತೆಗೆದೆ. ಅಂಗಡಿಯವನು ನನ್ನ ಮುಖ ನೋಡಿ, "ಇಲ್ಲಿ ಸುಳ್ಳು ಹೇಳ್ಬೇಡಿ, ನಿಮ್ಮ ಮಂಡಿ ವಿಷಯ" ಅಂದ. ಯಾಕಂದ್ರೆ ಬೂಟನ್ನ ಸ್ಕೀಗೆ ಹಿಡಿದಿಡೋ ಒಂದು ಕೊಕ್ಕೆ ಇರುತ್ತೆ. ಜೋರಾಗಿ ಬಿದ್ರೆ ಅದು ತಾನಾಗೇ ಬಿಚ್ಕೋಬೇಕು, ಇಲ್ಲಾಂದ್ರೆ ಉದ್ದದ ಹಲಗೆ ಕಾಲನ್ನ ತಿರುಚಿಬಿಡುತ್ತೆ. ಎಷ್ಟು ಬಲಕ್ಕೆ ಬಿಚ್ಕೋಬೇಕು ಅನ್ನೋದನ್ನ ತೂಕ, ಎತ್ತರ, ವಯಸ್ಸು, ಬೂಟಿನ ಉದ್ದ, ಹೊಸಬರಾ ಹಳಬರಾ ಅಂತೆಲ್ಲ ನೋಡಿ ಸ್ಕ್ರೂ ತಿರುಗಿಸಿ ಇಡ್ತಾರೆ. ಸರಿ, ನಿಜವಾದ ತೂಕ ಹೇಳಿದೆ. ಹಾಸನದವಳು ಕಿಸಕ್ ಅಂತ ನಕ್ಕಳು. ಅವಳ ಸರದಿ ಬಂದಾಗ ನಾನೂ ನಕ್ಕೆ.

ಆ ಬೂಟಿನ ಬಗ್ಗೆ ಏನು ಹೇಳ್ಲಿ! ಕಾಲಿಗೆ ಸಿಮೆಂಟ್ ಪಟ್ಟಿ ಹಾಕಿದಂಗಿರುತ್ತೆ. ಪಾದ ಮಡಚಕ್ಕಾಗಲ್ಲ, ಹಿಮ್ಮಡಿ ಮೊದಲು ಊರಿ ಧಡ್ ಧಡ್ ಅಂತ ನಡೀಬೇಕು. ಕೆಸರು ಗದ್ದೆಯಲ್ಲಿ ನಾಟಿ ಮಾಡೋವಾಗ ಕಾಲ್ಬೆರಳು ಊರಿ ಹಿಡ್ಕೋತೀವಲ್ಲ, ಇಲ್ಲಿ ಬೆರಳಿಗೆ ಕೆಲಸವೇ ಇಲ್ಲ. ಜಾರೋ ಜಾಗ ಬಂದ್ರೆ ಬೆರಳು ಬಿಗಿ ಮಾಡೋದು ನಮಗೆ ಹುಟ್ಟುಗುಣ. ಬೂಟೊಳಗೆ ನನ್ನ ಬೆರಳುಗಳು ದಿನವಿಡೀ ಸುಮ್ಮನೆ ಮುದುರಿಕೊಂಡು ನೋಯ್ತಾ ಇದ್ವು.

ಬೆಟ್ಟದ ಮೇಲೆ ಕೇಬಲ್ ಕಾರಲ್ಲಿ ಹೋದ್ವಿ. ಅಲ್ಲಿ ಮಕ್ಕಳು ಕಲಿಯೋ ಚಿಕ್ಕ ಇಳಿಜಾರು ಇದೆ, ನಾವು ನಿಂತಿದ್ದು ಅಲ್ಲಿ. ಮೇಲೆ ಹತ್ತಕ್ಕೆ ನೆಲದಲ್ಲಿ ಒಂದು ರಬ್ಬರ್ ಪಟ್ಟಾ ಓಡ್ತಿರುತ್ತೆ, ಅದರ ಮೇಲೆ ನಿಂತ್ರೆ ಸಾಕು, ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಬರೋ ಹಂಗೆ ನಾವೂ ಮೇಲೆ ಹೋಗ್ತೀವಿ. ಅದಕ್ಕೆ ಮಾಯಾ ಚಾಪೆ ಅಂತ ಹೆಸರಿಟ್ಟಿದ್ದಾರೆ. ನಾಲ್ಕು ವರ್ಷದ ಮಕ್ಕಳು ಸಾಲಾಗಿ, ಕೋಳಿಮರಿ ಥರ, ಮೇಷ್ಟ್ರ ಹಿಂದೆ ಸರ್ರ್ ಅಂತ ಹೋಗ್ತಿದ್ವು. ನಾನು ಮೊದಲ ಸಲ ಆ ಚಾಪೆ ಮೇಲೇ ಬಿದ್ದೆ. ಜಾರಕ್ಕೆ ಶುರು ಮಾಡೋ ಮುಂಚೆನೇ!

ಕಲಿಸೋದು ಹೆಂಗೆ ಅಂದ್ರೆ, ಎರಡು ಸ್ಕೀನೂ ಉದ್ದಕ್ಕೆ ಸಮ ಇಟ್ರೆ ಓಡುತ್ತೆ. ಮುಂದಿನ ತುದಿ ಹತ್ತಿರ ತಂದು ಹಿಂದೆ ಅಗಲ ಮಾಡಿ, ಒಳಗಿನ ಅಂಚಿನ ಮೇಲೆ ಭಾರ ಹಾಕಿದ್ರೆ ನಿಧಾನ ಆಗಿ ನಿಲ್ಲುತ್ತೆ. ಇಲ್ಲಿನ ಮಕ್ಕಳಿಗೆ ಅದನ್ನ ಪಿಜ್ಜಾ ತುಂಡು ಅಂತ ಹೇಳ್ಕೊಡ್ತಾರೆ, ಉದ್ದಕ್ಕೆ ಇಟ್ರೆ ಆಲೂಗಡ್ಡೆ ಫ್ರೈ. ದೊಡ್ಡವರ ಭಾಷೇಲಿ ಅದಕ್ಕೆ ಹಿಮದ ನೇಗಿಲು ಅಂತಾರೆ. ಹಾಸನದವಳಿಗೂ ನನಗೂ ಸಮೋಸಾ ಅಂದ್ರೇ ತಲೆಗೆ ಹೋಗಿದ್ದು. ಅವಳು ಇಳಿಜಾರಿನ ಕೆಳಗೆ ನಿಂತು, "ಸಮೋಸಾ ಮಾಡೇ! ಸಮೋಸಾ!" ಅಂತ ಕಿರುಚೋಳು. ಸುತ್ತ ಇದ್ದ ಜರ್ಮನ್ನರು ನಾವು ತಿಂಡಿ ಮಾರಕ್ಕೆ ಬಂದಿದ್ದೀವಿ ಅನ್ಕೊಂಡ್ರೋ ಏನೋ.

ಕಷ್ಟ ಇರೋದು ಅದರಲ್ಲಲ್ಲ. ಕೆಳಗೆ ಜಾರ್ತಿದ್ದೀನಿ ಅಂತ ಹೆದರಿಕೆ ಆದ ತಕ್ಷಣ ಮೈ ತಾನಾಗೇ ಹಿಂದಕ್ಕೆ ವಾಲುತ್ತೆ. ಹಿಂದಕ್ಕೆ ವಾಲಿದ್ರೆ ಸ್ಕೀ ಮುಂಭಾಗದ ಹಿಡಿತ ತಪ್ಪಿ ಇನ್ನೂ ಜೋರಾಗಿ ಓಡುತ್ತೆ. ಮುಂದಕ್ಕೆ, ಆ ಇಳಿಜಾರಿನ ಕಡೆಗೇ ಬಾಗಬೇಕು, ಬೂಟಿನ ನಾಲಿಗೆಗೆ ಮೊಣಕಾಲ ಕೆಳಗಿನ ಮೂಳೆ ಒತ್ತಬೇಕು. ಆವಾಗ್ಲೇ ಹೇಳಿದ ಮಾತು ಕೇಳೋದು. ಇದು ಕೇಳಕ್ಕೆ ಸುಲಭ. ನಾನು ಎರಡು ಗಂಟೆ ಹೊತ್ತು ಬರೀ ಬಿದ್ದೆ. ಬಿದ್ದ ಮೇಲೆ ಏಳೋದೂ ಒಂದು ವಿದ್ಯೆ. ಎರಡು ಸ್ಕೀನೂ ಇಳಿಜಾರಿಗೆ ಅಡ್ಡ ತಿರುಗಿಸಿ, ನಮಗಿಂತ ಕೆಳಗಡೆ ಇಟ್ಕೊಂಡು, ಪಕ್ಕಕ್ಕೆ ಕೈ ಊರಿ ಏಳಬೇಕು. ಅಡ್ಡ ಇಡದೆ ಎದ್ರೆ ಎದ್ದ ಕ್ಷಣಕ್ಕೇ ಮತ್ತೆ ಸವಾರಿ ಹೊರಡುತ್ತೆ. ಪುಣೆ ಹುಡುಗ ಹಂಗೇ ಎದ್ದು, ಕೈ ಎರಡೂ ಮೇಲೆತ್ತಿ, ಕಿತ್ತಳೆ ಬಣ್ಣದ ಬಲೆಗೆ ಹೋಗಿ ಮೀನಿನಂಗೆ ಸಿಕ್ಕಾಕೊಂಡ.

ಆಮೇಲೆ, ಮಧ್ಯಾಹ್ನದ ಹೊತ್ತಿಗೆ, ಅದು ಆಯ್ತು. ಯಾಕೆ ಆಯ್ತು ಗೊತ್ತಿಲ್ಲ. ಮೇಲಿಂದ ಹೊರಟೆ, ಸಮೋಸಾ ಮಾಡಿದೆ, ನಿಧಾನ ಆಯ್ತು. ಸ್ವಲ್ಪ ಬಿಟ್ಟೆ, ಓಡ್ತು. ಬಲಗಾಲಿಗೆ ಭಾರ ಹಾಕಿದೆ, ಎಡಕ್ಕೆ ತಿರುಗ್ತು. ಕಿವಿ ಪಕ್ಕ ಗಾಳಿ. ಒಂದು ಮೂವತ್ತು ಸೆಕೆಂಡ್ ಇರಬಹುದು. ನನಗೆ ನಮ್ಮೂರ ಕೆರೆ ಏರಿ ನೆನಪಾಯ್ತು. ಅಡಿಕೆ ಪಟ್ಟೆ ಮೇಲೆ ಕೂತು ಏರಿ ಮೇಲಿಂದ ಜಾರ್ತಿದ್ವಲ್ಲ, ನಾನು, ಚಿಕ್ಕಮ್ಮನ ಮಕ್ಕಳು, ಪಕ್ಕದ ಮನೆಯವರು. ಲಂಗ ಹರಿದು, ಮಂಡಿ ತರಚಿ, ಮನೆಗೆ ಹೋದ್ರೆ ಅಜ್ಜಿ ಸೌದೆ ಕೋಲು ತಗೊಂಡು ಅಟ್ಟಿಸ್ಕೊಂಡು ಬರೋರು. ಏಳನೇ ಕ್ಲಾಸಿನ ರಜೆಯಲ್ಲಿ ಅಮ್ಮ ಒಂದು ದಿನ ಏರಿ ಹತ್ರಾನೇ ಬಂದು ಕೈ ಹಿಡಿದು ಕರ್ಕೊಂಡು ಹೋದ್ಲು. "ಇನ್ಮೇಲೆ ಇದೆಲ್ಲ ಬ್ಯಾಡ, ದೊಡ್ಡೋಳಾದೆ." ಅಷ್ಟೇ, ಹೊಡೀಲಿಲ್ಲ ಬೈಲಿಲ್ಲ. ಅದಾದ್ಮೇಲೆ ನಾನು ಯಾವ ಇಳಿಜಾರಲ್ಲೂ ಜಾರಿರಲಿಲ್ಲ. ಚಿಕ್ಕಮ್ಮನ ಗಂಡುಮಕ್ಕಳು ಹತ್ತನೇ ಕ್ಲಾಸಿನ ತನಕ ಜಾರಿದ್ರು, ಇರಲಿ ಬಿಡಿ.

ಹಾಸನದವಳು ಆ ಮೂವತ್ತು ಸೆಕೆಂಡಲ್ಲಿ ಹನ್ನೊಂದು ಸೆಕೆಂಡ್ ವಿಡಿಯೋ ಹಿಡಿದ್ಲು. ಕೊನೆಯಲ್ಲಿ ನಿಲ್ಲಿಸಕ್ಕೆ ಮರೆತು ಕುಂಡಿ ಮೇಲೆ ಕೂತಿದ್ದೂ ಅದರಲ್ಲಿದೆ.

ಅಲ್ಲಿಗೇ ಮನೆಗೆ ಹೋಗಿದ್ರೆ ಈ ಬರಹ ಇರ್ತಿರಲಿಲ್ಲ. ಮೂರು ಗಂಟೆಗೆ ಕೊಲಂಬಿಯಾದವಳು, "ಒಂದೇ ಒಂದು ಸಲ ದೊಡ್ಡ ದಾರೀಲಿ ಇಳಿಯೋಣ, ನೀಲಿ ಅಲ್ವಾ" ಅಂದ್ಲು. ಇಲ್ಲಿ ದಾರಿಗಳಿಗೆ ಬಣ್ಣ ಇದೆ, ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ನೀಲಿ ಅಂದ್ರೂ ಅದು ಬೆಟ್ಟವೇ. ಜರ್ಮನ್ ಹುಡುಗಿ ಬೇಡ ಅಂದ್ಲು, ಕಾಲು ಸೋತಿರುತ್ತೆ, ಮಧ್ಯಾಹ್ನದ ಮೇಲೆ ಹಿಮ ಕರಗಿ ಗುಡ್ಡೆ ಗುಡ್ಡೆ ಆಗಿರುತ್ತೆ ಅಂತ. ಹೋಗೋಣ ಅಂದಿದ್ದು ನಾನೇ. ಟಿಕೆಟ್ ದುಡ್ಡು ಪೂರ್ತಿ ವಸೂಲಾಗ್ಲಿ ಅನ್ನೋ ನಮ್ಮ ಬುದ್ಧಿ, ನೋಡಿ.

ಬಿದ್ದಿದ್ದು ಜೋರಾಗಲ್ಲ. ಅದೇ ಆಶ್ಚರ್ಯ. ಹೆಚ್ಚುಕಮ್ಮಿ ನಿಂತೇ ಬಿಟ್ಟಿದ್ದೆ, ಎಡಗಡೆ ಸ್ಕೀ ಒಂದು ಒದ್ದೆ ಹಿಮದ ಗುಡ್ಡೆಗೆ ಸಿಕ್ಕಾಕೊಂಡು ಅಲ್ಲೇ ಉಳೀತು, ಮೈ ಮಾತ್ರ ನಿಧಾನಕ್ಕೆ ತಿರುಗ್ತು. ಜೋರಾಗಿ ಬಿದ್ರೆ ಬಿಚ್ಕೊಳ್ಳೋ ಕೊಕ್ಕೆ, ಹಿಂಗೆ ನಿಧಾನಕ್ಕೆ ತಿರುಚಿ ಬಿದ್ರೆ ಕೆಲವು ಸಲ ಬಿಚ್ಕೊಳ್ಳಲ್ಲ ಅಂತ ಆಮೇಲೆ ಗೊತ್ತಾಯ್ತು. ಮಂಡಿಯೊಳಗೆ ಏನೋ ಟಕ್ ಅಂತು. ನೋವಿಗಿಂತ ಮುಂಚೆ ಬಂದ ಯೋಚನೆ ಏನ್ ಗೊತ್ತಾ? ಅಮ್ಮನಿಗೆ ಏನಂತ ಹೇಳ್ಲಿ.

ಜರ್ಮನ್ ಹುಡುಗಿ ತಕ್ಷಣ ತನ್ನ ಎರಡು ಸ್ಕೀ ಬಿಚ್ಚಿ, ನನಗಿಂತ ಸ್ವಲ್ಪ ಮೇಲೆ ಹಿಮದಲ್ಲಿ ಅಡ್ಡಡ್ಡ ಕತ್ತರಿ ಹಾಕಿ ನೆಟ್ಟಳು. ಮೇಲಿಂದ ಬರೋರಿಗೆ ಇಲ್ಲಿ ಯಾರೋ ಬಿದ್ದಿದ್ದಾರೆ ಅನ್ನೋ ಗುರುತು ಅದು. ಆಮೇಲೆ ಫೋನ್ ಮಾಡಿದ್ಲು. ಬೆರ್ಗ್‌ವಾಖ್ಟ್ ಅಂತ ಬೆಟ್ಟದ ಕಾವಲಿನವರು ಇದ್ದಾರೆ, ಇಬ್ಬರು ಬಂದ್ರು. ಅವರಲ್ಲಿ ಒಬ್ಬರು ಹೆಂಗಸು, ನಮ್ಮಮ್ಮನ ವಯಸ್ಸು. ಈ ಕೆಲಸ ಮಾಡೋರು ಬಹಳಷ್ಟು ಜನ ಸಂಬಳ ಇಲ್ಲದೆ, ತಮ್ಮ ರಜಾ ದಿನದಲ್ಲಿ ಬರೋರಂತೆ. ಅವರು ನನ್ನ ಮಂಡಿ ಹಿಡಿದ ರೀತಿಗೇ ನನಗೆ ಅಳು ಬಂತು. ದೋಣಿ ಥರದ ಒಂದು ಜಾರುಬಂಡಿಯಲ್ಲಿ ಮಲಗಿಸಿ, ಕಂಬಳಿ ಸುತ್ತಿ, ಪಟ್ಟಿ ಬಿಗಿದು, ಬರೀ ಮೂಗು ಕಾಣೋ ಹಂಗೆ ಮಾಡಿ ಕೇಬಲ್ ಕಾರ್ ತನಕ ಎಳ್ಕೊಂಡು ಹೋದ್ರು. ಆಕಾಶ ಮಾತ್ರ ಕಾಣ್ತಿತ್ತು. ಪಲ್ಲಕ್ಕಿ ಅನ್ಕೊಳ್ಳೋಣ ಅಂತ ನೋಡಿದೆ, ಆದ್ರೆ ಮಲಗಿಸಿ ಕಟ್ಟಿದ್ರಲ್ಲ, ನನಗೆ ನೆನಪಾಗಿದ್ದು ಚಟ್ಟ. ಬಿಡ್ತು ಅನ್ನಿ.

ಆಸ್ಪತ್ರೆಯದ್ದು ಬೇಗ ಹೇಳ್ತೀನಿ. ಫೋಟೋ ತೆಗೆದ್ರು, ಮೂಳೆ ಸರಿ ಇದೆ ಅಂದ್ರು, ಮಂಡಿ ಒಳಬದಿಯ ನಾರು ಎಳೆದಿದೆ ಅಂದ್ರು. ಕೀಲಿರೋ ಪಟ್ಟಿ, ಎರಡು ಊರುಗೋಲು, ಆರು ವಾರ ಹುಷಾರು. ಇನ್ಶೂರೆನ್ಸ್ ಕಾರ್ಡ್ ಇದ್ದಿದ್ದಕ್ಕೆ ಕೈಯಿಂದ ಹೋಗಿದ್ದು ಕಮ್ಮಿ. ವಿದ್ಯಾರ್ಥಿಗಳಿಗೆ ಇಲ್ಲಿ ಅದು ಕಡ್ಡಾಯ. ತಿಂಗಳು ತಿಂಗಳು ದುಡ್ಡು ಕಟ್ಟೋವಾಗ ಬೈಕೋತಿದ್ದೆ, ಇನ್ನು ಬೈಯಲ್ಲ.

ಇಲ್ಲಿಂದ ನಾಚಿಕೆ ಭಾಗ. ಭಾನುವಾರ ಬೆಳಗ್ಗೆ ಅಮ್ಮ ವಿಡಿಯೋ ಕಾಲ್ ಮಾಡಿದ್ಲು. ಚಳಿಗಾಲದಲ್ಲಿ ನಮಗೂ ನಿಮಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಅಲ್ಲಿ ಆಗ್ಲೇ ಮಧ್ಯಾಹ್ನದ ಊಟ ಆಗಿತ್ತು. ನಾನು ಫೋನನ್ನ ಮುಖಕ್ಕೆ ಹತ್ತಿರ ಹಿಡಿದು, ನಿನ್ನೆ ಇಡೀ ದಿನ ಲೈಬ್ರರಿಲಿ ಇದ್ದೆ ಅಂದೆ. "ಪರೀಕ್ಷೆ ಮುಗೀತು ಅಂದಿದ್ದೆ?" ಅಂದ್ಲು. ಪ್ರಾಜೆಕ್ಟ್ ಅಂದೆ. "ಗೋಡೆಗೆ ಒರಗಿಸಿರೋದು ಏನೇ ಅದು, ಕೋಲು?" ಕರ್ಟನ್ ರಾಡ್ ಅಂದೆ. ಹಿಂಗೇ ಆರು ದಿನ. ದಿನಾ ಒಂದೊಂದು ಹೊಸದು ಸೇರಿಸ್ಬೇಕು, ನಿನ್ನೆ ಹೇಳಿದ್ದು ನೆನಪಿಟ್ಕೋಬೇಕು. ಹಾಸನದವಳು ನನ್ನ ಊರುಗೋಲಿನ ಫೋಟೋಗೆ ನಗುವಿನ ಗುರುತು ಹಾಕಿ ಸ್ಟೇಟಸ್‌ಗೆ ಹಾಕಿದ್ಲು. ನಮ್ಮ ಚಿಕ್ಕಮ್ಮನ ಮಗಳ ನಂಬರ್ ಅವಳ ಹತ್ರ ಇತ್ತು. ಅಲ್ಲಿಂದ ನಿಟ್ಟೂರು, ಚೇಳೂರು, ದೊಡ್ಡಮ್ಮ, ಡೇರಿ.

ಅಮ್ಮ ಎರಡು ದಿನ ಫೋನ್ ಮಾಡ್ಲಿಲ್ಲ. ನಾನು ಮಾಡಿದ್ರೆ ಎತ್ತಲಿಲ್ಲ. ಅಪ್ಪ ಎತ್ತಿ, "ತೋಟದ ಕಡೆ ಹೋಗವ್ಳೆ" ಅಂದ್ರು. ರಾತ್ರಿ ಎಂಟು ಗಂಟೆಗೆ ಯಾವ ತೋಟ? ಮಂಡಿ ನೋವು ಆ ಎರಡು ದಿನ ನನಗೆ ಗೊತ್ತೇ ಆಗ್ಲಿಲ್ಲ. ಮೂರನೇ ದಿನ ಅವಳೇ ಮಾಡಿದ್ಲು. ಮುಖ ತೋರಿಸ್ಲಿಲ್ಲ, ಬರೀ ಮಾತು.

"ಊರೋರ್ ಬಾಯಲ್ಲಿ ಕೇಳಂಗ್ ಮಾಡಿದ್ಯಲ್ಲ. ಡೇರಿ ಸಾಲಲ್ಲಿ ಎಲ್ರೂ ನನ್ ಮುಖ ನೋಡ್ತಾವ್ರೆ, ನಂಗೇನೂ ಗೊತ್ತಿಲ್ಲ. ತಾಯಿ ಅನ್ನಿಸ್ಕಳಕ್ಕೆ ನಾಚ್ಕೆ ಆಯ್ತು."

ನಾನು ಅಳ್ತಾ ಎಲ್ಲ ಹೇಳಿದೆ. ದುಡ್ಡು, ಸರ, ಬಳೆ, ಕೌಂಟರ್ ಮುಂದೆ ನಿಂತಾಗ ಅನ್ನಿಸಿದ್ದು, ಎಲ್ಲ. ಎಷ್ಟಾಯ್ತು ಅಂದ್ಲು. ತೊಂಬತ್ತು ಚಿಲ್ಲರೆ ಅಂದೆ. ಲೆಕ್ಕ ಹಾಕ್ತಿದ್ಲು ಅಂತ ಕಾಣುತ್ತೆ, ಹಿಂದೆ ಹಸು ಕೂಗೋದು ಕೇಳಿಸ್ತಿತ್ತು. ಸುಮಾರು ಹೊತ್ತು ಆದ್ಮೇಲೆ,

"ಚೆನ್ನಾಗಿತ್ತಾ?" ಅಂದ್ಲು.

ನನಗೆ ತಕ್ಷಣ ಉತ್ತರ ಬರ್ಲಿಲ್ಲ. ಹೌದು ಅಂದ್ರೆ ಬೇಜಾರಾಗ್ತಾಳೇನೋ, ಇಲ್ಲ ಅಂದ್ರೆ ಮತ್ತೊಂದು ಸುಳ್ಳು. "ಹೂಂ ಕಣಮ್ಮ, ಚೆನ್ನಾಗಿತ್ತು. ಕೆರೆ ಏರಿ ಮೇಲಿಂದ ಜಾರ್ದಂಗಿತ್ತು" ಅಂದೆ. ಅವಳು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. "ವಿಡಿಯೋ ಇದ್ರೆ ಕಳ್ಸು" ಅಂತ ಇಟ್ಟಳು.

ದೊಡ್ಡಮ್ಮನಿಗೆ ಎರಡು ಮಾತು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟು ಅಂದ್ರಿ, ಮ್ಯೂನಿಕ್‌ನಲ್ಲಿ ಎಕ್ಕದ ಗಿಡ ಎಲ್ಲಿಂದ ತರ್ಲಿ? ಇನ್ನೊಂದು, "ನಮ್ ಕಡೆ ಹೆಣ್ಮಕ್ಳಿಗೆ ಯಾಕವ್ವ ಇದೆಲ್ಲ, ಐಸಲ್ಲಿ ಹುಟ್ಟಿದೋರು ಆಡ್ಲಿ" ಅಂದ್ರಿ. ನಮ್ಮ ಕೊಡಗಿನ ಹುಡುಗಿ ಭವಾನಿ ತೆಕ್ಕಡ ನಂಜುಂಡ ಇದೇ ಸ್ಕೀ ಕಟ್ಕೊಂಡು ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ, ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಚಿನ್ನ ಗೆದ್ದಿದ್ದಾರೆ. ಅವರದ್ದು ಕ್ರಾಸ್ ಕಂಟ್ರಿ, ಹಿಮ್ಮಡಿ ಸ್ಕೀಗೆ ಅಂಟಿರಲ್ಲ, ಕೋಲು ಊರ್ಕೊಂಡು ಕಿಲೋಮೀಟರ್‌ಗಟ್ಟಲೆ ಓಡೋದು. ನನ್ನ ಸಮೋಸಾಗೂ ಅದಕ್ಕೂ ಹೋಲಿಕೆಯೇ ಇಲ್ಲ. ಆದ್ರೂ ಕೊಡಗಲ್ಲೂ ಐಸ್ ಬೀಳಲ್ಲ, ದೊಡ್ಡಮ್ಮ.

ವಿಡಿಯೋ ಕಳಿಸಿದ ರಾತ್ರಿ ಅಮ್ಮನ ವಾಯ್ಸ್ ಮೆಸೇಜ್ ಬಂತು. "ನೋಡ್ದೆ. ಹಿಂದಕ್ಕೆ ವಾಲ್ತಿದ್ದೀಯ. ಅದ್ಕೇ ಬಿದ್ದಿರೋದು." ಹಿಮವನ್ನ ಕಣ್ಣಲ್ಲಿ ನೋಡದೇ ಇರೋಳು, ಎರಡು ಗಂಟೆ ಆ ಜರ್ಮನ್ ಹುಡುಗಿ ಬಾಯಿ ಬಡ್ಕೊಂಡಿದ್ದನ್ನ ಹನ್ನೊಂದು ಸೆಕೆಂಡಲ್ಲಿ ಹೇಳ್ಬಿಟ್ಟಳು. ಆಮೇಲೆ ಇನ್ನೊಂದು ಮೆಸೇಜು, "ಮುಂದಿನ್ ಸಲ ಹೋಗೋಕ್ ಮುಂಚೆ ಹೇಳು. ಬ್ಯಾಡ ಅಂತೀನಿ, ಆದ್ರೂ ಹೇಳು."

ಚಿಕ್ಕಮ್ಮನ ಮಗಳು ನಿನ್ನೆ ಹೇಳಿದ್ಲು, ಅಮ್ಮ ಈಗ ಡೇರಿ ಹತ್ರ ಎಲ್ಲರಿಗೂ ಆ ವಿಡಿಯೋ ತೋರಿಸ್ತಿದ್ದಾಳಂತೆ. ನಾನು ಬೀಳೋಕೆ ಒಂದು ಕ್ಷಣ ಮುಂಚೆ ನಿಲ್ಲಿಸಿ, ಫೋನನ್ನ ಸೆರಗಲ್ಲಿ ಇಟ್ಕೋತಾಳಂತೆ.